ಅಮ್ಮ ಕಟ್ಟಿದ ಕೋಣೆ

ಜೂನ್ 9

ಅಮ್ಮಾ,

ತಲುಪಿದೆ. ಕೈಕಾಲು, ಕನ್ನಡಕ, ಛತ್ರಿ ಎಲ್ಲವೂ ನನ್ನ ಜೊತೆಗೇ ತಲುಪಿವೆ ಎಂದು ಅಪ್ಪನಿಗೆ ಹೇಳು. ನಿನ್ನೆ ಅವರ ಹೊಲಿಗೆ ಅಂಗಡಿಗೆ ಫೋನ್ ಮಾಡಿದ್ದೆ. "ತಲುಪಿದ್ಯಾ? ಹೂಂ. ಸರಿ. ಇಡ್ಲಾ?" ಎಂದರು. ಈ ನಾಲ್ಕು ಮಾತಿನ ಸಂದಿಯಲ್ಲಿ ನಿನ್ನ ವಿಷಯ ಕೇಳುವುದು ಹೇಗೆ? ಅದಕ್ಕೇ ಕಾಗದ. ನೀನು ಫೋನ್ ಎತ್ತುವವರೆಗೂ ಕಾಗದವನ್ನೇ ಬರೆಯುತ್ತೇನೆ. ಅವಸರವೇನೂ ಇಲ್ಲ.

ನನ್ನ ಕೋಣೆ ಮೂರನೇ ಮಹಡಿಯಲ್ಲಿದೆ. ಕಿಟಕಿ ತೆರೆದರೆ ಪಕ್ಕದ ಲಾಂಡ್ರಿಯ ತಾರಸಿ. ಬೆಳಗಾದರೆ ಸಾಲುಸಾಲು ಬಿಳಿ ಹಾಸುಬಟ್ಟೆಗಳು ಗಾಳಿಗೆ ಉಬ್ಬುತ್ತಿರುತ್ತವೆ. ಅರೆನಿದ್ದೆಯಲ್ಲಿ ನೋಡಿದಾಗ ಇಡೀ ಕಟ್ಟಡವೇ ನಿಧಾನವಾಗಿ ಎಲ್ಲಿಗೋ ಹೊರಟಿದೆ ಅನ್ನಿಸುತ್ತದೆ. ಪೂರ್ತಿ ಎಚ್ಚರವಾಗುವವರೆಗೆ ನಾನೂ ಸುಮ್ಮನೆ ಹೋಗುತ್ತಿರುತ್ತೇನೆ.

ಕೋರ್ಸು ಎರಡು ವರ್ಷ. ಮನಶ್ಶಾಸ್ತ್ರದಲ್ಲಿ ಎಂ.ಎ. ಆಯಿತಲ್ಲ, ಇನ್ನೇನು ಬಾಕಿ ಎಂದು ನೀನು ಕೇಳಿದ್ದೆ. ಮೊದಲ ದಿನವೇ ಉತ್ತರ ಸಿಕ್ಕಿತು. ನಮ್ಮ ಮೇಲ್ವಿಚಾರಕಿಯನ್ನು ಎಲ್ಲರೂ ದೊಡ್ಡಮೇಡಂ ಅನ್ನುತ್ತಾರೆ. ಆಳು ನೋಡಿದರೆ ನನ್ನ ಭುಜಕ್ಕೂ ಬರುವುದಿಲ್ಲ. ಒಳಗೆ ಬಂದವರೇ, "ಗೊತ್ತಿರೋದನ್ನೆಲ್ಲ ಛತ್ರಿ ಜೊತೆ ಹೊರಗಿಟ್ಟು ಬನ್ನಿ. ಹೋಗುವಾಗ ತಗೊಂಡು ಹೋಗಿ, ಯಾರೂ ಕದಿಯಲ್ಲ" ಎಂದರು. ಬೆಂಕಿ, ಅಪಘಾತ, ಹೊಡೆತ ಇಂಥವುಗಳಿಂದ ಮನಸ್ಸಿಗೆ ಏಟು ಬಿದ್ದವರನ್ನು ಮುಟ್ಟಬೇಕಾದರೆ ಡಿಗ್ರಿ ಸಾಲದಂತೆ. ಮೊದಲು ಪಾಠ. ಆಮೇಲೆ ನಮ್ಮನಮ್ಮಲ್ಲೇ ಅಭ್ಯಾಸ. ಆಮೇಲೆ ನಿಜವಾದ ಜನ, ಅದೂ ಗಾಜಿನ ಆಚೆ ಮೇಡಂ ಕೂತು ನೋಡುತ್ತಿರುವಾಗ. ನಡುವೆ ನಾವೂ ಇನ್ನೊಬ್ಬರ ಮುಂದೆ, ನೋವು ಹೇಳಿಕೊಳ್ಳುವವರ ಕುರ್ಚಿಯಲ್ಲಿ, ಬಹಳ ಸಲ ಕೂರಬೇಕು. ಇಷ್ಟೆಲ್ಲ ಆದಮೇಲೆ ಮೇಡಂ ಒಪ್ಪಿದರೆ ಒಂದು ಸಹಿ.

ಇವತ್ತು ಒಂದು ಅಭ್ಯಾಸ ಹೇಳಿಕೊಟ್ಟರು. ಕಣ್ಣು ಮುಚ್ಚಿ ಮನಸ್ಸಿನಲ್ಲೇ ಒಂದು ನೆಮ್ಮದಿಯ ಜಾಗ ಕಟ್ಟಿಕೊಳ್ಳುವುದು. ಅಲ್ಲಿಗೆ ಯಾರೂ ಬರುವಂತಿಲ್ಲ, ಏನೂ ಆಗುವಂತಿಲ್ಲ. ಭಯವಾದಾಗ ಅಲ್ಲಿಗೆ ಹೋಗಿ ಕೂರಬಹುದು. ಕೇಳುತ್ತಿದ್ದಂತೆ ನನಗೆ ನಿನ್ನ ನೆನಪಾಯಿತು. ಆ ಮಧ್ಯಾಹ್ನ ನೀನು ತುರ್ತು ಕರೆಯ ಕೇಂದ್ರದಲ್ಲಿ ಹೆಡ್‌ಫೋನ್ ಕಳಚಿಟ್ಟು ಮನೆಗೆ ಬಂದವಳು ಮತ್ತೆ ಕೆಲಸಕ್ಕೂ ಹೋಗಲಿಲ್ಲ, ಫೋನೂ ಎತ್ತಲಿಲ್ಲ. ಯಾವುದೋ ಕರೆ ಅರ್ಧಕ್ಕೇ ನಿಂತುಹೋಯಿತು ಎಂಬುದಷ್ಟೇ ನನಗೆ ಗೊತ್ತು. ಕೇಳುವುದಿಲ್ಲ. ಆದರೆ ಸುಮ್ಮನೆ, ತಮಾಷೆಗೆ, ನೀನೂ ಒಂದು ಜಾಗ ಕಟ್ಟಿ ನನಗೆ ಬರೆದು ತಿಳಿಸುತ್ತೀಯಾ?

ಇನ್ನೂ ಒಲೆಯ ಮೇಲೆ ಬೇಯುತ್ತಿರುವ ಚಿಕಿತ್ಸಕಿ,
ನಿನ್ನ ಗುಂಡಿ

*

ಜೂನ್ 24

ಗುಂಡಿ,

ಹಾಲುಹಲ್ಲಿನ ವಯಸ್ಸಿನಲ್ಲಿ ಅಂಗಿಯ ಗುಂಡಿ ನುಂಗಿ ಇಡೀ ಬೀದಿಯನ್ನು ಆಸ್ಪತ್ರೆಗೆ ಓಡಿಸಿದವಳು ನೀನು. ಈಗ ನನಗೆ ನೆಮ್ಮದಿ ಹೇಳಿಕೊಡುತ್ತೀಯಾ? ಕಾಲ ಬಂತಪ್ಪ.

ಮನೆಯಲ್ಲಿ ಎಲ್ಲರೂ ಕ್ಷೇಮ. ಎಲ್ಲರೂ ಅಂದರೆ ಇಬ್ಬರು. ಫೋನು ಕಂಬಳಿಯ ಪೆಟ್ಟಿಗೆಯಲ್ಲಿ ಮಲಗಿದೆ, ಅದೂ ಕ್ಷೇಮ. ನಿಮ್ಮಪ್ಪ ತಮ್ಮದನ್ನು ಅಂಗಡಿಯಲ್ಲೇ ಬಿಟ್ಟು ಬರುತ್ತಾರೆ. ನಾನು ಮಧ್ಯಾಹ್ನದ ಹೊತ್ತು ಅಂಗಡಿಗೆ ಹೋಗಿ ಹೊಲಿಗೆ ಬಿಚ್ಚುತ್ತೇನೆ. ದಪ್ಪಗಾದವರ ಪ್ಯಾಂಟು, ತೆಳ್ಳಗಾದವರ ಕೋಟು. ಅವರು ಹೊಲಿಯುವುದು, ನಾನು ಬಿಚ್ಚುವುದು. ಇಷ್ಟು ವರ್ಷದ ಸಂಸಾರದಲ್ಲಿ ಹೊಸದೇನೂ ಅಲ್ಲ ಅನ್ನುತ್ತಾರೆ ನಿಮ್ಮಪ್ಪ.

ನೀನು ಹೇಳಿದ್ದನ್ನು ಮಾಡಿದೆ. ಕೆಲಸವಿಲ್ಲದ ಬಡಗಿಯ ಹಾಗೆ ಕೂತು ಒಂದು ಕೋಣೆ ಕಟ್ಟಿದೆ. ಉದ್ದನೆಯ ಕೋಣೆ. ನೆಲ ತಣ್ಣಗಿದೆ, ಬರಿಗಾಲಿಗೆ ಹಿತ. ಒಂದೇ ಕಿಟಕಿ, ಆದರೆ ದೊಡ್ಡದು. ಅದರಿಂದ ಬರುವ ಬೆಳಕು ನೀರಿನೊಳಗೆ ಹಾದು ಬಂದಂತೆ ಗೋಡೆಯ ಮೇಲೆ ಸುಮ್ಮನೆ ಅಲುಗುತ್ತದೆ. ಒಂದು ಕುರ್ಚಿ ಇಟ್ಟಿದ್ದೇನೆ. ಗಡಿಯಾರಕ್ಕೆ ಮುಳ್ಳು ಹಾಕಿಲ್ಲ, ಡ್ಯೂಟಿಗೆ ಹೊತ್ತಾಯಿತು ಅನ್ನುವ ಗೊಡವೆಯೇ ಬೇಡ.

ಸಂಜೆ ಅಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಚೆನ್ನಾಗಿತ್ತು ಕಣೇ. ಆದರೆ ಒಂದು ಕೇಳು: ಕಲ್ಪನೆಯ ಕೋಣೆಯಲ್ಲೂ ಮೂಲೆಯಲ್ಲಿ ಧೂಳಿತ್ತು. ಅಲ್ಲೂ ನಾನೇ ಗುಡಿಸಬೇಕೆ? ನಿನ್ನ ದೊಡ್ಡಮೇಡಂ ಅವರನ್ನು ವಿಚಾರಿಸು.

ನಿನ್ನ ಅಮ್ಮ

*

ಜುಲೈ 8

ಅಮ್ಮಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ! ನಮ್ಮ ತರಗತಿಯಲ್ಲಿ ಒಬ್ಬರು ಸಮುದ್ರ ಕಟ್ಟಿದರು, ಒಬ್ಬರು ಬೆಟ್ಟ, ಒಬ್ಬರು ಅಜ್ಜಿಯ ಮಡಿಲು. ಮುಳ್ಳಿಲ್ಲದ ಗಡಿಯಾರ ಯಾರಿಗೂ ಹೊಳೆದಿರಲಿಲ್ಲ. ಗುಡಿಸಬೇಡ. ಧೂಳು ಇರಲಿ ಬಿಡು, ಅದೂ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ.

ಇನ್ನಷ್ಟು ಹೇಳು. ಅಲ್ಲಿ ಸದ್ದು ಏನಿದೆ? ಕಿಟಕಿಯ ಹೊರಗೆ ಏನು ಕಾಣುತ್ತದೆ? ಗಾಳಿ ಬೆಚ್ಚಗಿದೆಯೋ ತಣ್ಣಗಿದೆಯೋ? ಒಂದೊಂದನ್ನೂ ನಿಧಾನವಾಗಿ ಸೇರಿಸುತ್ತಾ ಹೋಗಬೇಕು. ಹಾಗೆ ಮಾಡಿದಷ್ಟೂ ಆ ಜಾಗ ಗಟ್ಟಿಯಾಗುತ್ತದೆ. ದಿನವೂ ಹೋಗು. ಬಾಗಿಲು ಎಲ್ಲಿದೆ ಎಂದು ನೀನು ಬರೆದಿಲ್ಲ, ಅದನ್ನೂ ಬರಿ.

ಇಲ್ಲಿ ನನ್ನ ಮೊದಲ ಅಭ್ಯಾಸ ನಗೆಪಾಟಲಾಯಿತು. ಸಹಪಾಠಿಯೊಬ್ಬ ಬೆಂಕಿಯಲ್ಲಿ ಮನೆ ಕಳೆದುಕೊಂಡವನ ಪಾತ್ರ ಮಾಡುತ್ತಿದ್ದ. ನಾನು ಚಿಕಿತ್ಸಕಿ. ಅವನು ಕಣ್ಣೀರು ಹಾಕುತ್ತಿದ್ದಂತೆ ನಾನೂ ಅತ್ತುಬಿಟ್ಟೆ. ಅವನು ಪಾತ್ರ ಬಿಟ್ಟು ನನಗೆ ನೀರು ತಂದುಕೊಟ್ಟ. ಗಾಜಿನ ಹಿಂದಿನಿಂದ ಮೇಡಂ ದನಿ ಬಂತು: "ಇಬ್ಬರಲ್ಲಿ ಯಾರು ಯಾರಿಗೆ ಫೀಸು ಕೊಡ್ಬೇಕು ಅಂತ ಮೊದಲು ತೀರ್ಮಾನ ಮಾಡ್ಕೊಳಿ."

ನಿನ್ನ ಕೋಣೆಯ ವಿಷಯ ಇಲ್ಲಿ ಯಾರಿಗೂ ಹೇಳಿಲ್ಲ. ಅದು ನಮ್ಮಿಬ್ಬರದು. ಹಾಗೇ ಅಲ್ಲಿ ನನಗೂ ಒಂದು ಕುರ್ಚಿ ಹಾಕು.

ಅರ್ಧ ಬೆಂದ ಚಿಕಿತ್ಸಕಿ,
ಗುಂಡಿ

*

ಜುಲೈ 30

ಗುಂಡಿ,

ನಿನಗೂ ಕುರ್ಚಿ ಹಾಕಿದೆ. ಬೆತ್ತದ್ದು. ನೀನು ಕೂತರೆ ಕಿರಗುಡುತ್ತದೆ, ದೂರಬೇಡ.

ಈಗ ಆ ಕೋಣೆಗೆ ಹೋಗುವುದು ಬಹಳ ಸುಲಭವಾಗಿದೆ. ಕಣ್ಣು ಮುಚ್ಚುವುದೂ ಬೇಡ. ಹೊಲಿಗೆ ಬಿಚ್ಚುತ್ತಾ ಕೂತರೆ ದಾರ ಎಳೆದಂತೆಲ್ಲ ಅಂಗಡಿ ಮಸುಕಾಗುತ್ತದೆ, ಕೋಣೆ ಬಂದು ಸುತ್ತ ನಿಲ್ಲುತ್ತದೆ. ಕಿಟಕಿಯ ಹೊರಗೆ ಬೀದಿಯ ಬದಲು ನೀರಿದೆ. ಅಗಲವಾದ, ಅವಸರವಿಲ್ಲದ ನೀರು. ಆಗಾಗ ಒಂದು ದೋಣಿ ಹೋಗುತ್ತದೆ. ಅದರಲ್ಲಿ ಇರುವವರೆಲ್ಲ ಒಬ್ಬರ ಭುಜಕ್ಕೆ ಒಬ್ಬರು ಒರಗಿ ಮಲಗಿದ್ದಾರೆ, ಅಂಬಿಗನೂ ಮಲಗಿದ್ದಾನೆ, ಆದರೂ ದೋಣಿ ಯಾವುದಕ್ಕೂ ಢಿಕ್ಕಿ ಹೊಡೆಯುವುದಿಲ್ಲ. ಎಲ್ಲೋ ದೂರದಲ್ಲಿ ನಿಮ್ಮಪ್ಪನ ಮಷೀನು ಓಡುತ್ತಿರುತ್ತದೆ. ಗಾಳಿ ಬೆಚ್ಚಗಿದೆ, ಆಗತಾನೇ ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ.

ಮೊನ್ನೆ ನಿಮ್ಮಪ್ಪ, "ಏನೇ, ಕರೆದ್ರೂ ಕೇಳಿಸಲ್ವಲ್ಲ, ಎಲ್ಲಿಗೆ ಹೋಗಿದ್ದೆ?" ಎಂದರು. "ಇಲ್ಲೇ ಇದ್ನಲ್ಲ" ಎಂದೆ. ಸುಳ್ಳು ಹೇಳಿದೆ.

ಬಾಗಿಲು ಕೇಳಿದ್ದೆಯಲ್ಲ. ಬಾಗಿಲು ಇಟ್ಟಿಲ್ಲ. ಇಡುವುದೂ ಇಲ್ಲ.

ಇನ್ನೊಂದು ವಿಷಯ. ಹೋದ ವಾರ ನಿನ್ನ ಬೆತ್ತದ ಕುರ್ಚಿಯ ಪಕ್ಕದಲ್ಲಿ ಒಂದು ಸಣ್ಣ ಮೇಜು ಬಂದಿತ್ತು. ನಾನು ತಂದದ್ದಲ್ಲ. ಆಮೇಲೆ ಅದರ ಮೇಲೆ ಒಂದು ಫೋನು ಬಂತು. ಅದನ್ನೂ ನಾನು ಇಟ್ಟದ್ದಲ್ಲ. ರಿಂಗಾಗುವುದಿಲ್ಲ, ಸುಮ್ಮನೆ ಇದೆ. ನಾನು ಅದನ್ನೇ ನೋಡುತ್ತಾ ಕೂತಿರುತ್ತೇನೆ. ಏಳೋಣ ಅಂದರೆ ಹೋಗುವುದೆಲ್ಲಿಂದ, ಬಾಗಿಲಿಲ್ಲವಲ್ಲ. ನೀರಿನ ಮೇಲೆ ಈಗ ದೋಣಿ ಬರುತ್ತಿಲ್ಲ. ಇದಕ್ಕೆ ನಿನ್ನ ಪುಸ್ತಕದಲ್ಲಿ ಏನು ಬರೆದಿದ್ದಾರೆ?

ಬೇಗ ಬರಿ.

ಅಮ್ಮ

*

ಆಗಸ್ಟ್ 6

ಅಮ್ಮಾ,

ಈ ಕಾಗದ ಕೈಗೆ ಬಂದ ಕೂಡಲೇ ಆ ಕೋಣೆಗೆ ಹೋಗುವುದನ್ನು ನಿಲ್ಲಿಸು. ದಯವಿಟ್ಟು. ಬೈಯುವುದನ್ನು ಆಮೇಲೆ ಬೈಯುವೆಯಂತೆ. ಅಪ್ಪನ ಅಂಗಡಿಗೂ ಫೋನ್ ಮಾಡಿ ಹೇಳಿದ್ದೇನೆ. ನಿನ್ನನ್ನು ಒಬ್ಬಳೇ ಬಹಳ ಹೊತ್ತು ಕೂರಲು ಬಿಡಬೇಡಿ ಎಂದೆ. ಮೊದಲ ಸಲ ಅವರು "ಇಡ್ಲಾ?" ಅನ್ನಲಿಲ್ಲ.

ನಿನ್ನ ಕಾಗದ ಓದಿದವಳೇ ಹಿಂದಿನದನ್ನೂ ಹುಡುಕಿ ತೆಗೆದೆ. ಎತ್ತಿಕೊಂಡು ದೊಡ್ಡಮೇಡಂ ಹತ್ತಿರ ಹೋದೆ. ಅವರು ಎರಡೂ ಕಾಗದ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇವರ ಮುಖ ನಿಮಗೆ ಕಾಣ್ತಿದೆಯಾ?" ಎಂದರು.

"ಇಲ್ಲ, ಮೇಡಂ."

"ಉಸಿರು ಕೇಳಿಸ್ತಿದೆಯಾ?"

"ಇಲ್ಲ."

"ಇವರು 'ಬೇಗ ಬರಿ' ಅಂದಿದಾರೆ. ನಿಮ್ಮ ಉತ್ತರ ಹೋಗೋವರೆಗೂ ಆ ಫೋನಿನ ಮುಂದೆ ಒಬ್ಬರೇ ಕೂತಿರ್ತಾರಲ್ಲ, ಅವಾಗ ಪಕ್ಕದಲ್ಲಿ ಯಾರಿದಾರೆ? ಒಳಗೆ ಕರ್ಕೊಂಡು ಹೋದವರು ಹೊರಗೆ ಕರ್ಕೊಂಡು ಬರೋಕೂ ಅಲ್ಲೇ ಇರ್ಬೇಕು. ನೀವು ಒಳಗೆ ಬಿಟ್ಟು ಬೇರೆ ಊರಲ್ಲಿ ನಿಂತಿದೀರಿ. ಅದೂ ಸ್ವಂತ ತಾಯಿನ."

ನಮ್ಮ ಕೆಲಸದ ಮೊದಲ ನಿಯಮವೇ ಅದು ಅಮ್ಮಾ. ಹತ್ತಿರದವರಿಗೆ ಚಿಕಿತ್ಸೆ ಮಾಡುವಂತಿಲ್ಲ. ಮೊದಲ ವಾರವೇ ಹೇಳಿದ್ದರು, ನಾನೂ ತಲೆಯಾಡಿಸಿದ್ದೆ. ತಮಾಷೆಗೆ ತಾನೇ, ಅಮ್ಮನಿಗೆ ತಾನೇ ಅಂದುಕೊಂಡೆ. ಇನ್ನು ಮೇಲೆ ಕೋಣೆಯ ವಿಷಯ ನಾನು ಕೇಳುವುದಿಲ್ಲ, ನೀನು ಬರೆದರೂ ಉತ್ತರಿಸುವುದಿಲ್ಲ. ಅದು ತಾನಾಗಿ ಬಂದರೆ ಇಷ್ಟು ಮಾಡು: ಕಣ್ಣು ಅಗಲಿಸಿ ಸುತ್ತ ನೋಡು. "ನಾನೀಗ ಎಲ್ಲಿದ್ದೀನಿ?" ಎಂದು ಕೇಳಿಕೋ. ಎದುರಿಗಿರುವ ವಸ್ತುಗಳ ಹೆಸರು ಹೇಳು. ಮನಸ್ಸಿನಲ್ಲಲ್ಲ, ಸ್ವಲ್ಪ ಜೋರಾಗಿಯೇ ಹೇಳು.

ನಿನ್ನ ಮಗಳು

*

ಆಗಸ್ಟ್ 17

ಚಿಕಿತ್ಸಕಿಯವರಿಗೆ,

ಎಲ್ಲಿದ್ದೀರಿ. ಸ್ವಲ್ಪ ಜೋರಾಗಿ ಹೇಳಿ. ಈ ಎರಡು ಮಾತನ್ನು ನನಗೆ ನೀನು ಕಲಿಸುತ್ತೀಯಾ? ತಲೆಗೂದಲು ಕಪ್ಪಿದ್ದ ಕಾಲದಿಂದ ನಾನು ಅನ್ನ ತಿಂದದ್ದು ಈ ಎರಡು ಮಾತಿನ ಮೇಲೆ.

ಕೇಳುವುದಿಲ್ಲ ಎಂದು ದೊಡ್ಡ ಮನಸ್ಸು ಮಾಡಿದ್ದೆಯಲ್ಲ, ಈಗ ಕೇಳದೆಯೇ ಕೇಳು. ಆ ದಿನ ಕರೆ ಮಾಡಿದವಳು ಬಟ್ಟೆಯ ಬೀರುವಿನೊಳಗೆ ಕೂತಿದ್ದಳು. ಬಟ್ಟೆಗಳ ಮಧ್ಯೆ ಕೂತವರ ದನಿ ಬೇರೆಯಾಗಿರುತ್ತದೆ, ನನಗೆ ಗೊತ್ತಾಗುತ್ತದೆ. ನಿನ್ನ ವಯಸ್ಸಿನ ದನಿ. "ಅವನು ಮನೇಲಿದಾನೆ" ಅಂದಳು. "ಎಲ್ಲಿದೀರಿ?" ಅಂದೆ. ಏನೋ ಹೇಳಿದಳು, ಕೇಳಿಸಲಿಲ್ಲ. "ಸ್ವಲ್ಪ ಜೋರಾಗಿ ಹೇಳಿ" ಅಂದೆ. ನಾನು ಹೇಳಿದೆ ಅಂತ ಅವಳು ಜೋರಾಗಿ ಹೇಳಿದಳು. "ಹಳದಿ ಗೇಟಿನ" ಅನ್ನುವಷ್ಟರಲ್ಲಿ ಬೀರುವಿನ ಬಾಗಿಲು ತೆರೆದ ಸದ್ದು. ಲೈನ್ ಹೋಯಿತು.

ಪೊಲೀಸರು ನಂಬರು ಹಿಡಿದು ಹೋದರು. ಫೋನು ಒಂದು ಚರಂಡಿಯಲ್ಲಿ ಸಿಕ್ಕಿತು. ಊರಿನ ಹಳದಿ ಗೇಟುಗಳನ್ನೆಲ್ಲ ತಟ್ಟಿದರು. ಅವಳು ಸಿಗಲಿಲ್ಲ. ಇದ್ದಾಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನ್ನದು ಒಂದೇ ಮಾತು, ಆಡಿಬಿಟ್ಟೆ.

ನನ್ನ ಕೋಣೆಗೆ ಯಾಕೆ ಬಾಗಿಲಿಟ್ಟಿರಲಿಲ್ಲ ಅಂತ ಈಗಲಾದರೂ ತಿಳಿಯಿತಾ?

ಹಿತ್ತಲ ಗಿಡ ಮದ್ದಲ್ಲ ಅಂತ ನನಗೂ ಗೊತ್ತು. ಆದರೆ ಈ ಗಿಡ ತಾನೇ ನಡೆದುಕೊಂಡು ಅಡುಗೆಮನೆಗೆ ಬಂತು. ನಾನು ಕರೆದಿರಲಿಲ್ಲ. ನೀನು ಕೇಳಿದೆ, ಹೇಳುತ್ತಾ ಹೋದೆ. ಅರ್ಧ ಹೇಳುವಷ್ಟರಲ್ಲಿ ನೀನೂ ಲೈನ್ ಕಟ್ ಮಾಡಿದೆ. ಆ ಕಡೆ ಇರುವವರಿಗೆ ಹೇಗಿರುತ್ತದೆ ಅಂತ ಈಗ ನನಗೆ ಚೆನ್ನಾಗಿ ತಿಳಿಯಿತು.

ಇನ್ನು ಬರೆಯುವುದಿಲ್ಲ.

*

ಸೆಪ್ಟೆಂಬರ್ 3

ಅಮ್ಮಾ,

ನೀನು ಉತ್ತರ ಬರೆಯಬೇಡ, ಓದಿದರೆ ಸಾಕು. ಓದದೆ ಪೆಟ್ಟಿಗೆಯಲ್ಲಿ ಫೋನಿನ ಪಕ್ಕ ಮಲಗಿಸಿದರೂ ಸರಿ.

ತಪ್ಪು ನನ್ನದು. ಅದಕ್ಕೆ ಸಮಜಾಯಿಷಿ ಇಲ್ಲ. ಮೇಡಂ ನನ್ನನ್ನು ಒಂದು ತಂಡ ಹಿಂದಕ್ಕೆ ಹಾಕಿದ್ದಾರೆ. ಜೊತೆಯವರು ನಿಜವಾದ ಜನರನ್ನು ನೋಡಲು ಶುರು ಮಾಡಿದರು, ನಾನು ಮೊದಲ ಪಾಠದಲ್ಲೇ ಇದ್ದೇನೆ. ಕೋರ್ಸು ಬಿಟ್ಟು ಹೋಗು ಎಂದಿದ್ದರೂ ಹೋಗಬೇಕಿತ್ತು. "ಹೆದರಿ ಓಡಿ ಬಂದ್ರಲ್ಲ, ಕಾಗದ ಮುಚ್ಚಿಟ್ಟಿದ್ರೆ ಮನೆಗೆ ಕಳಿಸ್ತಿದ್ದೆ" ಎಂದರು.

ಈಗ ವಾರಕ್ಕೊಮ್ಮೆ ನಾನೇ ಆ ಕಡೆಯ ಕುರ್ಚಿಯಲ್ಲಿ ಕೂರುತ್ತೇನೆ. ಎದುರಿಗಿರುವ ವಯಸ್ಸಾದವರು ಹೆಚ್ಚು ಮಾತಾಡುವುದಿಲ್ಲ. ಮೊದಲ ದಿನ ನನ್ನ ನೆಮ್ಮದಿಯ ಜಾಗ ಯಾವುದು ಎಂದು ಕೇಳಿದರು. ಕಣ್ಣು ಮುಚ್ಚಿದೆ. ಬೇರೆ ಯಾವುದೂ ಬರಲಿಲ್ಲ. ಉದ್ದನೆಯ ಕೋಣೆ, ತಣ್ಣನೆಯ ನೆಲ, ಅಲುಗುವ ಬೆಳಕು. ನಿನ್ನ ಕುರ್ಚಿ ಖಾಲಿಯಿತ್ತು. ಮುಟ್ಟಿ ನೋಡಿದೆ, ಆಗತಾನೇ ಯಾರೋ ಎದ್ದು ಹೋದಂತೆ ಬೆಚ್ಚಗಿತ್ತು. ಅಲ್ಲೇ ಅತ್ತೆ. ಅವತ್ತು ಯಾರೂ ನೀರು ತಂದುಕೊಡಲಿಲ್ಲ. ಅಳಲು ಬಿಟ್ಟರು.

ನಾನು ಈ ಕೆಲಸಕ್ಕೆ ಯಾಕೆ ಬಂದೆ ಎಂಬುದು ಅವತ್ತು ಹೊರಬಿತ್ತು ಅಮ್ಮಾ. ಊರಿನ ನೋವು ತೀರಿಸಲು ಅಲ್ಲ. ನೀನು ಫೋನ್ ಎತ್ತಲಿ ಎಂದು.

ಕೆಳಗೆ ಒಬ್ಬ ಚಿಕಿತ್ಸಕರ ವಿಳಾಸ ಬರೆದಿದ್ದೇನೆ. ನಮ್ಮ ಊರಿನದೇ, ಅಂಚೆ ಕಚೇರಿಯ ಹಿಂದಿನ ಬೀದಿ. ಮೇಡಂ ಕೊಟ್ಟರು. ಹೋಗಲೇಬೇಕು ಅನ್ನುವುದಿಲ್ಲ. ಹೋದರೆ ಮೊದಲು ಅವರನ್ನು ನೀನು ಪರೀಕ್ಷೆ ಮಾಡು: ಏನು ಓದಿದ್ದಾರೆ, ಆಘಾತದ ಚಿಕಿತ್ಸೆಯನ್ನೇ ಬೇರೆಯಾಗಿ ಕಲಿತಿದ್ದಾರಾ, ಯಾರು ನೋಡುತ್ತಿರುವಾಗ ಕಲಿತರು, ಈಗಲೂ ಅವರ ಕೆಲಸವನ್ನು ಯಾರಾದರೂ ನೋಡುತ್ತಾರಾ. ಕೇಳಲು ನಾಚಬೇಡ. ಕೇಳಿದರೆ ಸಿಟ್ಟಾಗುವವರು ಆ ಕೆಲಸಕ್ಕೆ ಸಲ್ಲದವರು.

ಮಗಳು, ಅಷ್ಟೇ

*

ಅಕ್ಟೋಬರ್ 12

ಗುಂಡಿ,

ಅಪ್ಪ ಬರೆಯುವುದು. ನಿನ್ನ ಕಾಗದ ಬಂತು. ನಿಮ್ಮಮ್ಮ ಓದಲಿಲ್ಲ. ಆಮೇಲೆ ನಾನು ಅಂಗಡಿಗೆ ಹೋದಾಗ ಓದಿದ್ದಾಳೆ, ಮಡಿಕೆ ಬೇರೆ ಥರ ಇತ್ತು. ಬಟ್ಟೆಯ ಮಡಿಕೆ ನೋಡಿ ಬದುಕಿದವನು, ನನಗೆ ತಿಳಿಯದೆ?

ಈಚೆಗೆ ವಾರಕ್ಕೊಂದು ದಿನ ಒಳ್ಳೆಯ ಸೀರೆ ಉಟ್ಟು ಹೊರಗೆ ಹೋಗುತ್ತಾಳೆ. "ಎಲ್ಲಿಗೆ?" ಅಂದೆ. "ಅಂಚೆ ಕಚೇರಿಗೆ" ಅಂದಳು. ಆದರೆ ನಿನಗೆ ಕಾಗದ ಹಾಕಿದ ಹಾಗಿಲ್ಲ. ನಾನು ಮತ್ತೆ ಕೇಳಲಿಲ್ಲ. ಮೊನ್ನೆ ಬಂದವಳು ಅಂಗಡಿಯ ಮೂಲೆಯಲ್ಲಿ ಕೂತು ಬಹಳ ಹೊತ್ತು ಅತ್ತಳು. ನಾನು ಮಷೀನು ತುಳಿಯುತ್ತಲೇ ಇದ್ದೆ, ನಿಲ್ಲಿಸಿದರೆ ಅವಳು ಅಳು ನಿಲ್ಲಿಸಿಬಿಡುತ್ತಾಳೆ ಅಂತ. ಸೂಜಿಯಲ್ಲಿ ದಾರವೇ ಇರಲಿಲ್ಲ.

ಸರಿ. ಇಡ್ಲಾ?

ಅಪ್ಪ

*

ಡಿಸೆಂಬರ್ 5

ಗುಂಡಿ,

ನಿಮ್ಮಪ್ಪ ಚಾಡಿ ಹೇಳಿದ್ದು ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ, ಇನ್ನೇನೂ ಅಲ್ಲ.

ಹೋದೆ. ಸಣ್ಣ ಕೋಣೆ, ಎರಡು ಕುರ್ಚಿ, ಒಂದು ಕಿಟಕಿ. ಮನುಷ್ಯ ಎಳೆಯವನು, ಹುಬ್ಬು ಮಾತ್ರ ಮುದುಕನದು. ಸದಾ ಶೀತ. ನಾನು ಸೀನುವ ಮೇಷ್ಟ್ರು ಎಂದು ಹೆಸರಿಟ್ಟಿದ್ದೇನೆ. ಕೂರುವ ಮೊದಲೇ ನಿಂತುಕೊಂಡೇ ಶುರು ಮಾಡಿದೆ.

"ಓದಿದ್ದು ಗೋಡೆ ಮೇಲಿದೆ, ಕಾಣ್ತು. ಆಘಾತದ್ದೇ ಬೇರೆ ಕಲಿತಿದೀರಾ?"

"ಕಲಿತಿದೀನಮ್ಮ."

"ಗಾಜಿನ ಹಿಂದೆ ಕೂತು ಯಾರಾದ್ರೂ ನೋಡಿದಾರಾ?"

ಅವನಿಗೆ ನಗು ಬಂತು. "ನೋಡಿದಾರೆ. ಈಗ್ಲೂ ತಿಂಗಳಿಗೊಂದು ಸಲ ನನಗಿಂತ ದೊಡ್ಡವರ ಹತ್ರ ಹೋಗಿ ಏನು ಮಾಡ್ದೆ, ಎಲ್ಲಿ ಎಡವಿದೆ ಅಂತ ಒಪ್ಪಿಸ್ತೀನಿ."

"ಈ ಕಡೆ ಕುರ್ಚೀಲಿ ಕೂತಿದೀರಾ?"

"ಕೂತಿದೀನಿ."

"ಅತ್ತಿದೀರಾ?"

ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ. "ಇದು ಶೀತಮ್ಮ. ಆದ್ರೆ ಅತ್ತಿದೀನಿ."

ಆಮೇಲೆ ನನಗೆ ಏನನ್ನಿಸಿತೋ, "ನಿಮ್ಮಮ್ಮಂಗೆ ಮಾಡಿದೀರಾ ಈ ಚಿಕಿತ್ಸೆ?" ಎಂದೆ.

"ಇಲ್ಲ. ಮಾಡೋ ಹಾಗಿಲ್ಲ."

"ಮಾಡ್ಬೇಕು ಅನ್ನಿಸಿತ್ತಾ?"

ಕಿಟಕಿಯ ಕಡೆ ತಿರುಗಿ ಕರವಸ್ತ್ರ ಮಡಚಿದ. "ತುಂಬಾ" ಎಂದ.

ಆಗ ನಾನು ಕೈಚೀಲ ಕೆಳಗಿಟ್ಟು ಕೂತೆ. ನಿನ್ನ ಮೇಲಿನ ಸಿಟ್ಟು ಎಲ್ಲಿ ಇಳಿಯಿತು ಎಂದು ಕೇಳಿದರೆ, ಅಲ್ಲಿ.

ಕೆಲಸ ನಿಧಾನ. ಮೊದಮೊದಲು ಆ ಕರೆಯ ಸುದ್ದಿಯೇ ಇಲ್ಲ. ಪಾದ ನೆಲಕ್ಕೆ ಊರುವುದು, ಉಸಿರು ನೋಡುವುದು, ಕಿಟಕಿಯ ಆಚೆ ಏನಿದೆ ಎಂದು ಹೇಳುವುದು. ಇದಕ್ಕೆ ಇಷ್ಟು ಓದಬೇಕಾ ಅಂದುಕೊಂಡೆ. ಆಮೇಲೆ ತಿಳಿಯಿತು, ನೆಲ ಗಟ್ಟಿಯಾಗುವ ಮೊದಲು ಅವನು ನನ್ನನ್ನು ಒಂದು ಹೆಜ್ಜೆಯೂ ಇಡಲು ಬಿಡುವುದಿಲ್ಲ. ನಾವಿಬ್ಬರೂ ನೆಲವಿಲ್ಲದೆ ಮನೆ ಕಟ್ಟಿದ್ದೆವು ಕಣೇ.

ನಾನು ಕಟ್ಟಿದ ಕೋಣೆಗೆ ಈಗ ಬಾಗಿಲಿದೆ. ನಾನೇ ಇಟ್ಟೆ, ಒಳಗಿನಿಂದ ಚಿಲಕ. ಮೇಜಿನ ಮೇಲಿನ ಆ ಫೋನು ಒಂದು ದಿನ ರಿಂಗಾಯಿತು. ಮೇಷ್ಟ್ರು ಎದುರಿಗೇ ಇದ್ದ. ಎತ್ತಿದೆ. ಏನು ಕೇಳಿಸಿತು, ನಾನು ಏನು ಹೇಳಿದೆ ಎಂದು ನಿನಗೆ ಬರೆಯುವುದಿಲ್ಲ. ಅವಳು ಏನಾದಳು ಎಂಬುದು ನನಗೆ ಎಂದೂ ತಿಳಿಯುವುದಿಲ್ಲ. ಅದನ್ನು ತಿಳಿಯದೆಯೇ ಬದುಕುವುದನ್ನು ಕಲಿಯುತ್ತಿದ್ದೇನೆ. ನಿನ್ನ ಕೋರ್ಸಿಗಿಂತ ಇದು ಕಷ್ಟ.

ನಿನ್ನ ಬೆತ್ತದ ಕುರ್ಚಿ ಹೊರಗೆ ಹಾಕಿದೆ. ಕೋಪದಿಂದಲ್ಲ. ನೀನು ನಿಜವಾದ ಮನೆಗೆ ಬಾ, ಅಲ್ಲಿ ಕೂರು.

ಅಮ್ಮ

*

ಜನವರಿ 18

ಅಮ್ಮಾ,

ಇಲ್ಲಿ ಮಂಜು. ಲಾಂಡ್ರಿಯ ಹಾಸುಬಟ್ಟೆ ಯಾವುದು, ಮಂಜು ಯಾವುದು ತಿಳಿಯುವುದಿಲ್ಲ.

ನಿನ್ನ ಕಾಗದವನ್ನು ಮೇಡಂಗೆ ತೋರಿಸಲಿಲ್ಲ. ಅದು ಮಗಳಿಗೆ ಬಂದದ್ದು. ಓದಿ, ಮಡಚಿ, ದಿಂಬಿನ ಕೆಳಗಿಟ್ಟುಕೊಂಡೆ.

ಮೊನ್ನೆ ನನ್ನೆದುರು ಮೊದಲ ಸಲ ನಿಜವಾದ ಒಬ್ಬರು ಬಂದು ಕೂತರು. ಯಾರು, ಏನು ಎಂದು ಹೇಳುವಂತಿಲ್ಲ. ಗಾಜಿನ ಆಚೆ ಮೇಡಂ. ಬಂದವರು ಮಾತಾಡಲೇ ಇಲ್ಲ. ಮೊದಲಾಗಿದ್ದರೆ ನಾನು ಪ್ರಶ್ನೆಯ ಮೇಲೆ ಪ್ರಶ್ನೆ ಸುರಿಯುತ್ತಿದ್ದೆ. ಈ ಸಲ ಕೂತೆ. ಕೋಣೆಯ ಬೆಳಕು ಗೋಡೆಯಿಂದ ನೆಲಕ್ಕಿಳಿಯಿತು. ಹೋಗುವಾಗ ಅವರು, "ಮುಂದಿನ ವಾರ ಬರ್ಲಾ?" ಎಂದರು. ಮೇಡಂ ಹೊರಗೆ ಬಂದರು. ನನ್ನ ಛತ್ರಿ ಎತ್ತಿ ನನ್ನ ಕೈಗೆ ಕೊಟ್ಟರು. ಸಹಿಗೆ ಇನ್ನೂ ಬಹಳ ದಿನವಿದೆ, ಆದರೂ ನನಗೆ ಅದು ಸಾಕಾಯಿತು.

ಬೇರೇನೂ ಕೇಳುವುದಿಲ್ಲ. ಚಳಿಗೆ ಕಂಬಳಿ ಹೊರಗೆ ತೆಗೆದಿದ್ದೀಯಾ ಎಂದು ಮಾತ್ರ ಕೇಳುತ್ತೇನೆ.

ಮಗಳು

*

ಫೆಬ್ರವರಿ 2

ಗುಂಡಿ,

ಕಂಬಳಿ ತೆಗೆದೆ. ಅದರ ಕೆಳಗೆ ಮಲಗಿದ್ದುದನ್ನೂ ತೆಗೆದು ಚಾರ್ಜಿಗೆ ಹಾಕಿದೆ.

ಭಾನುವಾರ ಬೆಳಿಗ್ಗೆ ಮಾಡು. ಎತ್ತುತ್ತೇನೆ ಎಂದು ಮಾತು ಕೊಡುವುದಿಲ್ಲ. ಎತ್ತದಿದ್ದರೆ ಹೆದರಬೇಡ, ಇನ್ನೊಂದು ಭಾನುವಾರ ಬರುತ್ತದೆ. ಎತ್ತಿದರೆ ಚಿಕಿತ್ಸಕಿಯ ಹಾಗೆ "ಈಗ ಹೇಗನ್ನಿಸ್ತಿದೆ?" ಅಂತ ಕೇಳಬೇಡ. ಇಟ್ಟುಬಿಡುತ್ತೇನೆ.

ಅಮ್ಮ

*

ಫೆಬ್ರವರಿ 9

ಅಮ್ಮಾ,

ಬೆಳಿಗ್ಗೆ ತಾನೇ ಮಾತಾಡಿದೆವು, ಸಂಜೆಗೆ ಕಾಗದವೇ ಎಂದು ನಗಬೇಡ. ಫೋನಿನಲ್ಲಿ ಹೇಳಲಾಗದ್ದು ಒಂದು ಉಳಿದುಬಿಟ್ಟಿದೆ.

ಹಾಸ್ಟೆಲಿನ ಕಾರಿಡಾರಿನ ಕೊನೆಯಲ್ಲಿ, ಗೋಡೆಯ ಕಡೆ ತಿರುಗಿ ನಿಂತಿದ್ದೆ. ಭಾನುವಾರ, ಎಲ್ಲರೂ ಮಲಗಿದ್ದರು. ಅಲ್ಲಿ ಫೋನು ರಿಂಗಾಗುತ್ತಲೇ ಇತ್ತು. ಇಟ್ಟುಬಿಡೋಣ ಅಂದುಕೊಂಡೆ. ಆಗ ಸದ್ದು ನಿಂತಿತು. ಮೊದಲು ಏನೂ ಇಲ್ಲ. ದೂರದಲ್ಲಿ ಅಪ್ಪನ ಮಷೀನು. ಭಾನುವಾರ ಅವರು ಮನೆಯಲ್ಲಿ ಯಾಕೆ ಹೊಲಿಯುತ್ತಿದ್ದರೋ, ಸೂಜಿಯಲ್ಲಿ ದಾರ ಇತ್ತೋ ಇಲ್ಲವೋ. ಆಮೇಲೆ ನಿನ್ನ ದನಿ ಬಂತು. ಹಲೋ ಅನ್ನಲಿಲ್ಲ ನೀನು. ಡ್ಯೂಟಿಯ ದನಿಯಲ್ಲಿ, "ಹೇಳಿ, ಎಲ್ಲಿದೀರಿ?" ಎಂದೆ.

"ಇಲ್ಲೇ ಇದೀನಮ್ಮ" ಎಂದೆ, ಅದು ನನಗೇ ಕೇಳಿಸಲಿಲ್ಲ.

ಆಗ ನೀನು, ನಮ್ಮ ಮನೆಯ ಅಡುಗೆಮನೆಯಿಂದ ಗದರುವ ದನಿಯಲ್ಲಿ, "ಏನೇ ಅದು ಗೊಣಗೋದು? ಸ್ವಲ್ಪ ಜೋರಾಗಿ ಹೇಳು!" ಎಂದೆ.

ನೀನು ಆ ಮಾತನ್ನೇ ಮತ್ತೆ ಆಡಿದೆ ಎಂದು ನಿನಗೇ ಗೊತ್ತಾಯಿತೋ ಇಲ್ಲವೋ ನನಗೆ ತಿಳಿಯದು. ಕೇಳಲಿಲ್ಲ. ಕೇಳಿದ್ದರೆ ನಾನು ಚಿಕಿತ್ಸಕಿಯಾಗುತ್ತಿದ್ದೆ. ಮಗಳು ಮಾಡುವುದನ್ನು ಮಾಡಿದೆ. "ಇಲ್ಲೇ ಇದೀನಮ್ಮಾ!" ಎಂದು ಎದೆ ಒಡೆಯುವಂತೆ ಕೂಗಿದೆ.

ಕಾರಿಡಾರಿನ ಬಾಗಿಲುಗಳೆಲ್ಲ ಒಂದೊಂದಾಗಿ ತೆರೆದವು. ಕೆದರಿದ ತಲೆಗಳು ಹೊರಗೆ ಇಣುಕಿದವು. ನಾನು ಕಿವಿಗೆ ಫೋನು ಒತ್ತಿ ಹಿಡಿದು ಕಾದೆ.

ಲೈನ್ ಹೋಗಲಿಲ್ಲ. ನೀನು ಇನ್ನೂ ಅಲ್ಲೇ ಇದ್ದೆ, ಉಸಿರು ಕೇಳಿಸುತ್ತಿತ್ತು.

ನಿನ್ನ ಮಗಳು,
ಗುಂಡಿ